ರಾಚೂಟಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ

ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಮೊನ್ನೆ ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ‘ಬಂಗಾರದ ಮನುಷ್ಯ’ ಬರುತ್ತಿತ್ತು. ರಾಜೀವನ ಬೆನ್ನಿಗೆ ನಿಲ್ಲುವ ಹಳ್ಳಿಯ ಹಿರಿಯ ರಾಚೂಟಪ್ಪ ತೆರೆಗೆ ಬಂದೊಡನೆ, ಕಾಲೇಜಿಗೆ ಹೋಗುವ ಹುಡುಗ ಮೊಬೈಲಿನಿಂದ ತಲೆಯೆತ್ತಿ ‘ಇವರು ಯಾರು?’ ಎಂದ. ಟಿ.ಎನ್. ಬಾಲಕೃಷ್ಣ ಎಂದೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂದಾಗ ಅವನು ನಂಬಲಿಲ್ಲ. ನಂಬುವುದು ಕಷ್ಟವೇ. ರಾಜ್‌ಕುಮಾರ್ ಮಾತು ಮುಗಿಸಿದ ಮರುಕ್ಷಣವೇ ಉತ್ತರ ಬೀಳುತ್ತದೆ, ಒಂದಿಷ್ಟೂ ಆಚೀಚೆಯಿಲ್ಲ.

ಎದುರಿಗಿರುವವರ ತುಟಿಯ ಚಲನೆಯನ್ನು ನೋಡಿಯೇ ಬಾಲಕೃಷ್ಣ ಮಾತನ್ನು ಗ್ರಹಿಸುತ್ತಿದ್ದರು. ತಮ್ಮ ಮಾತಿನ ಜೊತೆಗೆ ಎದುರು ಪಾತ್ರದ ಮಾತೂ ಅವರಿಗೆ ಬಾಯಿಪಾಠವಾಗಿರುತ್ತಿತ್ತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು ಕಂಡ ನಮ್ಮೂರಿನವರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಮಾತು ಮರೆತ ನಟನನ್ನು ಪರದೆಯ ಮರೆಯ ಪಿಸುಮಾತು ಪಾರುಮಾಡುತ್ತದೆ. ರಂಗಭೂಮಿಯಿಂದಲೇ ಬಂದ ಬಾಲಕೃಷ್ಣರಿಗೆ ಆ ಆಸರೆ ಇರುವುದಾದರೂ ಹೇಗೆ? ಅವರ ಕಣ್ಣು ಸದಾ ಎದುರಾಳಿಯ ಮುಖದ ಮೇಲಿರುತ್ತಿದ್ದುದಕ್ಕೆ ಇದೂ ಕಾರಣವಿರಬೇಕು. ಖಳನಾದಾಗ ಆ ದಿಟ್ಟಿಯೇ ಕುತಂತ್ರವಾಗಿ ಕಾಣುತ್ತಿತ್ತು, ರಾಚೂಟಪ್ಪನಾದಾಗ ಅಕ್ಕರೆಯಾಗಿ.

1911ರಲ್ಲಿ ಅರಸೀಕೆರೆಯಲ್ಲಿ ಜನಿಸಿದ ಅವರು ಚಿತ್ರರಂಗಕ್ಕೆ ಬಂದದ್ದು 1943ರ ‘ರಾಧಾರಮಣ’ದಿಂದ. ಅಭಿನಯಿಸಿದ ಚಿತ್ರಗಳು ಐನೂರಕ್ಕೂ ಹೆಚ್ಚು. ಬ್ರಿಟಿಷ್ ಸಿನಿಮಾಪ್ರಿಯರು 1950ರ ದಶಕದ ಹಳೆಯ ಚಿತ್ರಗಳನ್ನು ಇಂದಿಗೂ ಅಲಸ್ಟೇರ್ ಸಿಮ್ ಎಂಬ ಪೋಷಕ ನಟನಿಗಾಗಿಯೇ ಹುಡುಕಿ ನೋಡುತ್ತಾರೆ. ನಾವು ಮಾತ್ರ ಚಿತ್ರಗಳನ್ನು ನಾಯಕರ ಹೆಸರಿನಲ್ಲಿಯೇ ಎಣಿಸುತ್ತೇವೆ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದರಲ್ಲಿ ರಾಚೂಟಪ್ಪನ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಕನ್ನಡ ಚಿತ್ರಗಳ ತಯಾರಿಕೆಗೆ ಮದ್ರಾಸನ್ನೇ ನೆಚ್ಚಿಕೊಂಡಿದ್ದ ಕಾಲವದು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಅವರ ಜೊತೆ ಸೇರಿ ಬಾಲಕೃಷ್ಣ ನಾಟಕವಾಡುತ್ತ ಊರೂರು ಸುತ್ತಿದರು. ಈ ನಾಲ್ವರೇ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಅಷ್ಟಕ್ಕೇ ತೃಪ್ತರಾಗದ ಬಾಲಕೃಷ್ಣ, ಸರ್ಕಾರದಿಂದ ಇಪ್ಪತ್ತು ಎಕರೆ ಜಮೀನು ಪಡೆದು ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟರು. ನಟನೆಯ ಸಂಪಾದನೆ ಅಲ್ಲಿ ಕರಗಿತು. ಸಾಲ ಬೆಳೆಯಿತು. ಸ್ಟುಡಿಯೊ ಅವರು ಬಯಸಿದ ಎತ್ತರಕ್ಕೆ ಏರಲೇ ಇಲ್ಲ. 1995ರಲ್ಲಿ ಅವರು ತೀರಿಕೊಂಡರು.

2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅದೇ ನೆಲದಲ್ಲಿ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಮಾಧಿಯನ್ನು ನೆಲಸಮ ಮಾಡಿದಾಗ ನಾಡಿನಾದ್ಯಂತ ಆಕ್ರೋಶ ಎದ್ದಿತು. ಅಭಿಮಾನಿಗಳ ನೋವು ಸಹಜವಾದುದೇ. ಆ ಗದ್ದಲದ ಸುದ್ದಿಯನ್ನು ನಮ್ಮ ಮನೆಯ ಹುಡುಗನೂ ನೋಡಿದ್ದ. ಅಭಿಮಾನ್ ಸ್ಟುಡಿಯೊ ಎಂದರೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಕಟ್ಟಿದವರು ಈ ರಾಚೂಟಪ್ಪ ಎಂಬುದು ಗೊತ್ತಿರಲಿಲ್ಲ.