ಕೆ. ಪಿ. ಪೂರ್ಣಚಂದ್ರ ತೇಜಸ್ವಿ

ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ (ಸೆಪ್ಟೆಂಬರ್ ೮, ೧೯೩೮ – ಏಪ್ರಿಲ್ ೫, ೨೦೦೭) ಕನ್ನಡದ ಪ್ರಮುಖ ಕಾದಂಬರಿಕಾರರು, ಕಥೆಗಾರರು ಹಾಗೂ ಪರಿಸರ ಲೇಖಕರು. ಕೃಷಿ, ಛಾಯಾಗ್ರಹಣ ಮತ್ತು ಪಕ್ಷಿವೀಕ್ಷಣೆ ಅವರ ಇತರ ಆಸಕ್ತಿಗಳು. ಮಲೆನಾಡಿನ ಕಾಡು ಮತ್ತು ಅದನ್ನು ಅವಲಂಬಿಸಿದ ಜನಜೀವನ ಅವರ ಕಥನಸಾಹಿತ್ಯಕ್ಕೂ ಪರಿಸರ ಬರಹಗಳಿಗೂ ಸಮಾನವಾದ ವಸ್ತುವಾಗಿವೆ.

ಜೀವನ

ತೇಜಸ್ವಿಯವರು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ರಾಷ್ಟ್ರಕವಿ ಕುವೆಂಪು, ತಾಯಿ ಹೇಮಾವತಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಶಿಕ್ಷಣ ಪಡೆದ ಬಳಿಕ ನೌಕರಿಯನ್ನು ಅರಸದೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ತೆರಳಿ ಕಾಫಿ ಬೆಳೆಗಾರರಾದರು. ತಮ್ಮ ತೋಟಕ್ಕೆ ‘ನಿರುತ್ತರ’ ಎಂದು ಹೆಸರಿಟ್ಟು, ಪತ್ನಿ ರಾಜೇಶ್ವರಿಯವರೊಡನೆ ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ಸಮಾಜವಾದಿ ಚಳವಳಿ ಮತ್ತು ರೈತ ಚಳವಳಿಗಳೊಡನೆ ಅವರಿಗೆ ನಿಕಟ ಸಂಬಂಧವಿತ್ತು.

ಕಥನಸಾಹಿತ್ಯ

ಕವಿತೆಗಳಿಂದ ಬರವಣಿಗೆ ಆರಂಭಿಸಿದ ತೇಜಸ್ವಿಯವರು ಮೊದಲಲ್ಲಿ ನವ್ಯ ಮಾರ್ಗದಲ್ಲಿ ಬರೆದರು. ೧೯೭೩ರಲ್ಲಿ ಪ್ರಕಟವಾದ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ಆ ಮಾರ್ಗದಿಂದ ಹೊರಬರುವುದಾಗಿ ಘೋಷಿಸಿದರು. ರಾಮಮನೋಹರ ಲೋಹಿಯಾ ಅವರ ಚಿಂತನೆ, ಶಿವರಾಮ ಕಾರಂತರ ಪ್ರಯೋಗಶೀಲತೆ ಹಾಗೂ ಕುವೆಂಪು ಅವರ ಕಲಾಸೃಷ್ಟಿಯನ್ನು ತಮ್ಮ ಮೇಲಿನ ಪ್ರಭಾವಗಳೆಂದು ಅವರು ಗುರುತಿಸಿಕೊಂಡಿದ್ದಾರೆ.

‘ಕರ್ವಾಲೊ’ (೧೯೮೦) ಅವರ ಅತ್ಯಂತ ಜನಪ್ರಿಯ ಕಾದಂಬರಿ. ಮೂಡಿಗೆರೆಯ ವಿಜ್ಞಾನಿ ಕರ್ವಾಲೊ, ಕಥೆ ಹೇಳುವ ಕೃಷಿಕ ಮತ್ತು ಹಳ್ಳಿಯ ಮಂದಣ್ಣ ಮೊದಲಾದವರು ಅಪೂರ್ವವಾದ ಹಾರುವ ಓತಿಯನ್ನು ಹುಡುಕುತ್ತ ಪಶ್ಚಿಮಘಟ್ಟದ ಕಾಡನ್ನು ಹೊಗುವುದು ಇದರ ಕಥಾವಸ್ತು. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಅಲೆಮಾರಿ. ಕರ್ವಾಲೊ ಅವರ ಕಣ್ಣಿಗೆ ಅವನು ಹುಟ್ಟು ಜೀವವಿಜ್ಞಾನಿ. ಪುಸ್ತಕದ ವಿದ್ಯೆಯೂ ಕಾಡಿನ ಅನುಭವವೂ ಕೂಡಿದಾಗಲೇ ನಿಸರ್ಗದ ಅರಿವು ಸಾಧ್ಯ ಎಂಬ ನಿಲುವು ಕಾದಂಬರಿಯ ಉದ್ದಕ್ಕೂ ಕಾಣುತ್ತದೆ. ಹಾರುವ ಓತಿ ಕೇವಲ ಕಲ್ಪನೆಯಲ್ಲ. ಪಕ್ಕೆಲುಬುಗಳ ಆಧಾರದಲ್ಲಿ ಚರ್ಮದ ಪೊರೆಯನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುವ ಓತಿಗಳು ಪಶ್ಚಿಮಘಟ್ಟದಲ್ಲಿ ಇಂದಿಗೂ ಇವೆ.

‘ಚಿದಂಬರ ರಹಸ್ಯ’ ಕಾದಂಬರಿಗೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕೆಸರೂರು ಎಂಬ ಕಾಲ್ಪನಿಕ ಊರಿನಲ್ಲಿ ಏಲಕ್ಕಿ ಬೆಳೆಯ ಅವನತಿ, ವಿಜ್ಞಾನಿಯೊಬ್ಬನ ಸಾವಿನ ತನಿಖೆ ಮತ್ತು ಜಾತಿ-ಮತಗಳ ವೈಷಮ್ಯ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಕಾಡಿನ ನಾಶ ಮತ್ತು ಸಮಾಜದ ಒಡಕು ಬೇರೆ ಬೇರೆ ಸಮಸ್ಯೆಗಳಲ್ಲ ಎಂಬುದನ್ನು ಕಾದಂಬರಿ ಸೂಚಿಸುತ್ತದೆ. ಏಲಕ್ಕಿ ವ್ಯಾಪಾರ ಮತ್ತು ಕಾಡಿನ ಲೂಟಿಯ ಹಿನ್ನೆಲೆಯುಳ್ಳ ‘ಜುಗಾರಿ ಕ್ರಾಸ್’ (೧೯೯೪) ರೋಚಕ ಕಥನದ ರೂಪದಲ್ಲಿ ಇದೇ ಚಿಂತನೆಯನ್ನು ಮುಂದುವರಿಸುತ್ತದೆ.

ಪರಿಸರ ಬರಹಗಳು

‘ಪರಿಸರದ ಕತೆ’ (೧೯೯೧) ತೇಜಸ್ವಿಯವರ ಪರಿಸರ ಸಾಹಿತ್ಯದಲ್ಲಿ ಮುಖ್ಯವಾದುದು. ನಾಯಿ ಕಿವಿ, ಬೇಟೆಗಾರರಾದ ಮಾಸ್ತಿ ಮತ್ತು ಬೈರ ಮುಂತಾದವರು ಕಾಣಿಸಿಕೊಳ್ಳುವ ಇಲ್ಲಿನ ಬರಹಗಳು ಅನುಭವ ಕಥನಗಳು; ಆದರೆ ಅವುಗಳ ನಿರೂಪಣೆ ಸಣ್ಣಕಥೆಯದು. ಉಪದೇಶಕ್ಕಿಂತ ಹಾಸ್ಯಕ್ಕೂ ಕುತೂಹಲಕ್ಕೂ ಇಲ್ಲಿ ಹೆಚ್ಚು ಸ್ಥಾನ. ಈ ಕಾರಣದಿಂದ ಪ್ರಬಂಧ ಮತ್ತು ಕಥೆಗಳ ನಡುವಿನ ಗೆರೆ ಅವರಲ್ಲಿ ತೆಳುವಾಗಿದೆ.

‘ಮಿಂಚುಳ್ಳಿ’ ಮತ್ತು ‘ಹೆಜ್ಜೆ ಮೂಡದ ಹಾದಿ’ ಕನ್ನಡ ನಾಡಿನ ಹಕ್ಕಿಗಳನ್ನು ಪರಿಚಯಿಸುವ ಕೃತಿಗಳು. ‘ಸಹಜ ಕೃಷಿ’ಯು ಜಪಾನಿನ ಮಸನೊಬು ಫುಕುವೊಕ ಅವರ ಕೃಷಿ ಚಿಂತನೆಯನ್ನು ಕನ್ನಡ ಓದುಗರ ಮುಂದಿಟ್ಟಿತು. ‘ಮಿಸ್ಸಿಂಗ್ ಲಿಂಕ್’ ಮಾನವ ವಿಕಾಸವನ್ನು ಕುರಿತದ್ದು. ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕೃತಿಯಲ್ಲಿ ಸ್ವಂತ ಪ್ರವಾಸದ ಅನುಭವದೊಡನೆ ನೈಲ್ ನದಿಯ ಮೂಲಶೋಧದ ಕಥೆಯೂ ಇದೆ. ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನೂ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ವಿಜ್ಞಾನದ ವಿಷಯಗಳನ್ನು ಆಡುಮಾತಿಗೆ ಹತ್ತಿರವಾದ ಸರಳ ಗದ್ಯದಲ್ಲಿ ಹೇಳಿದ್ದರಿಂದ ಈ ಕೃತಿಗಳು ವಿದ್ಯಾರ್ಥಿಗಳನ್ನೂ ಸುಲಭವಾಗಿ ತಲುಪಿದವು.

ಚಲನಚಿತ್ರಗಳು

‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಹಲವು ಕಥೆಗಳು ಚಲನಚಿತ್ರಗಳಾಗಿವೆ. ಶೀರ್ಷಿಕೆಯ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ತಬರನ ಕಥೆ’ಗೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ‘ಕುಬಿ ಮತ್ತು ಇಯಾಲ’ ಹಾಗೂ ‘ಡೇರ್ ಡೆವಿಲ್ ಮುಸ್ತಾಫಾ’ (೨೦೨೩) ಇದೇ ಸಂಕಲನದ ಕಥೆಗಳನ್ನು ಆಧರಿಸಿವೆ. ‘ಕಿರಗೂರಿನ ಗಯ್ಯಾಳಿಗಳು’ ಕಥೆ ೨೦೧೬ರಲ್ಲಿ ಚಿತ್ರವಾಯಿತು.

ಮಹತ್ವ

ತೇಜಸ್ವಿಯವರ ಬರಹಗಳಲ್ಲಿ ಕಾಡು ಕೇವಲ ಸೌಂದರ್ಯದ ತಾಣವಲ್ಲ. ಬೆಳೆಯ ಬೆಲೆ, ಕಳ್ಳಸಾಗಣೆ, ಜಾತಿ, ಅಧಿಕಾರಶಾಹಿ ಇವೆಲ್ಲವೂ ಅದರ ಅಳಿವು-ಉಳಿವನ್ನು ನಿರ್ಧರಿಸುತ್ತವೆ. ನಿಸರ್ಗವನ್ನು ಬಲ್ಲವರು ವಿಜ್ಞಾನಿಗಳು ಮಾತ್ರವಲ್ಲ, ಜೇನು ಕೀಳುವವರೂ ಬೇಟೆಗಾರರೂ ಕೂಲಿಕಾರರೂ ಹೌದು ಎಂಬುದನ್ನು ಅವರ ಪಾತ್ರಗಳು ತೋರಿಸಿಕೊಟ್ಟಿವೆ. ಕನ್ನಡದಲ್ಲಿ ಪರಿಸರ ಸಾಹಿತ್ಯಕ್ಕೆ ವಿಶಾಲ ಓದುಗವರ್ಗವನ್ನು ದೊರಕಿಸಿಕೊಟ್ಟವರಲ್ಲಿ ಅವರು ಪ್ರಮುಖರು.