ಮೈಸೂರು ಪಾಕ್‌ನಲ್ಲಿರೋ ‘ಪಾಕ’ ಯಾರದು?

ಇವತ್ತಿನ ಪದ ಹೇಳುವಾಗಲೇ ಬಾಯಲ್ಲಿ ನೀರೂರುತ್ತೆ: ಪಾಕ.

ಹೋದ ಹಬ್ಬಕ್ಕೆ ನಮ್ಮನೇಲಿ ಮೈಸೂರು ಪಾಕ್ ಮಾಡಿದ್ವಿ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ದೊಡ್ಡಪ್ಪನ ಮಗನ ಮೆಸೇಜ್ ಬಂತು: “ಇನ್ನೂ ಪಾಕ್ ಅಂತೀರಾ? ಹೆಸರು ಬದಲಾಯಿಸಿ.” ಅವನು ತಮಾಷೆ ಮಾಡ್ತಾ ಇರಲಿಲ್ಲ. 2025ರ ಮೇ ತಿಂಗಳಲ್ಲಿ, ಭಾರತ–ಪಾಕಿಸ್ತಾನ ಸಂಘರ್ಷದ ಬೆನ್ನಲ್ಲೇ, ಜೈಪುರದ ಕೆಲವು ಸಿಹಿತಿಂಡಿ ಅಂಗಡಿಯವರು ಇದನ್ನ ‘ಮೈಸೂರು ಶ್ರೀ’ ಅಂತ ಕರೆದಿದ್ದು ನಿಮಗೂ ನೆನಪಿರಬಹುದು. ನಾನು ಉತ್ತರ ಟೈಪ್ ಮಾಡೋಕೆ ಕೂತೆ. ಅದು ತುಂಬಾ ಉದ್ದ ಆಯ್ತು. ಅದೇ ಈ ಸಂಚಿಕೆ.

ಮೊದಲು ಅಡುಗೆಮನೆಗೆ ಹೋಗೋಣ. ಸಕ್ಕರೆಗೋ ಬೆಲ್ಲಕ್ಕೋ ನೀರು ಹಾಕಿ ಕುದಿಸಿದರೆ ನೀರು ಆವಿಯಾಗ್ತಾ ಹೋಗಿ ಉಳಿದದ್ದು ಮಂದ ಆಗುತ್ತೆ. ಅದೇ ಪಾಕ. ಜಾಮೂನಿಗೆ ಬೆರಳಿಗೆ ಅಂಟೋ ಪಾಕ ಸಾಕು. ಮೈಸೂರು ಪಾಕಿಗೆ ಒಂದೆಳೆ ಪಾಕ: ಹೆಬ್ಬೆರಳು, ತೋರುಬೆರಳ ಮಧ್ಯೆ ಒತ್ತಿ ಬಿಡಿಸಿದರೆ ಒಂದು ದಾರ ಬರಬೇಕು. ಚಿಕ್ಕಿಗೆ ಇನ್ನೂ ಗಟ್ಟಿ ಪಾಕ ಬೇಕು, ತಣ್ಣೀರಿಗೆ ಬಿಟ್ಟ ಹನಿ ಟಕ್ ಅಂತ ಮುರಿಯಬೇಕು. ಒಂದು ನಿಮಿಷ ಆಚೀಚೆ ಆದರೂ ಹದ ತಪ್ಪುತ್ತೆ. ನಮ್ಮಮ್ಮ ಪಾಕ ನೋಡುವಾಗ ಯಾರ ಫೋನೂ ಎತ್ತಲ್ಲ!

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಪಾಕ ಸೇರಿಸಿ ಈ ತಿಂಡಿ ಮಾಡಿದರು ಅಂತ ಹೇಳ್ತಾರೆ. ಅಂದರೆ ಹೆಸರಲ್ಲಿರೋದು ಮೈಸೂರಿನ ಪಾಕ, ಅಷ್ಟೇ.

ಆದರೆ ಪದ ಅರಮನೆಗಿಂತ ಬಹಳ ಹಳೆಯದು. ಸಂಸ್ಕೃತದಲ್ಲಿ ‘ಪಚ್’ ಅನ್ನೋ ಧಾತು ಇದೆ. ಬೇಯಿಸು, ಹಣ್ಣಾಗು, ಜೀರ್ಣವಾಗು ಎಲ್ಲವೂ ಅದರೊಳಗಿದೆ. ಅದರಿಂದಲೇ ‘ಪಾಕ’. ಪಾಕಶಾಲೆ, ನಳಪಾಕ, ಭೀಮಪಾಕ ಅನ್ನುವಾಗ ನಾವು ಹೇಳೋದು ಸಕ್ಕರೆ ವಿಷಯ ಅಲ್ಲ, ಅಡುಗೆ ವಿಷಯ. ಪಚನ, ಪಕ್ವ, ಪರಿಪಕ್ವ ಇವೆಲ್ಲ ಅದೇ ಮನೆಯವು. ಹಿಂದಿಯಿಂದ ಬಂದ ‘ಪಕ್ಕಾ’ ಕೂಡ ‘ಪಕ್ವ’ದ ಮಗ. ಸಂಜೆ ತಿನ್ನೋ ಪಕೋಡನೂ ಅದೇ ವಂಶ. ಇನ್ನೂ ದೂರ ಹೋದರೆ ಇಂಗ್ಲಿಷಿನ ‘ಕುಕ್’, ‘ದಮ್ ಪುಖ್ತ್’ನಲ್ಲಿರೋ ಪರ್ಷಿಯನ್ ‘ಪುಖ್ತ್’ ಸಹ ಇದರ ದಾಯಾದಿಗಳೇ.

ಹಾಗಾದರೆ ಪಾಕಿಸ್ತಾನದ ‘ಪಾಕ್’? ಅದು ಬೇರೆ ಪದ. ಪರ್ಷಿಯನ್‌ನಲ್ಲಿ ‘ಪಾಕ್’ ಅಂದರೆ ಶುದ್ಧ. ಆ ದೇಶದ ಹೆಸರನ್ನ 1933ರಲ್ಲಿ ಚೌಧರಿ ರಹಮತ್ ಅಲಿ ಒಂದು ಕರಪತ್ರದಲ್ಲಿ ಮೊದಲು ಮುಂದಿಟ್ಟರು, ಪಂಜಾಬ್, ಕಾಶ್ಮೀರ, ಸಿಂಧ್ ಮುಂತಾದ ಪ್ರಾಂತ್ಯಗಳ ಅಕ್ಷರ ಜೋಡಿಸಿ. ನಮ್ಮ ಪಾಕಕ್ಕೂ ಅದಕ್ಕೂ ಇರೋದು ಸದ್ದಿನ ಹೋಲಿಕೆ ಮಾತ್ರ.

ಮತ್ತೆ ಗೊಂದಲ ಯಾಕೆ? ನನಗನ್ನಿಸೋದು ಇಷ್ಟು: ಹಿಂದಿಯಲ್ಲಿ ದಿನಬಳಕೆಗೆ ಪಾಕವನ್ನ ‘ಚಾಶ್ನಿ’ ಅಂತಾರೆ. ಹಾಗಾಗಿ ‘ಪಾಕ್’ ಅಂದ ತಕ್ಷಣ ನಮಗೆ ಬಾಣಲೆ ನೆನಪಾದರೆ, ಅಲ್ಲಿ ಕೆಲವರಿಗೆ ಗಡಿ ನೆನಪಾಗುತ್ತೆ. ತಮಾಷೆ ಏನು ಗೊತ್ತಾ? ‘ಚಾಶ್ನಿ’ಯೇ ಪರ್ಷಿಯನ್ ಪದ!

ನೋವು, ಸಿಟ್ಟು ನಿಜವಾದದ್ದೇ, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಆ ಸಿಟ್ಟಲ್ಲಿ ಅಳಿಸೋಕೆ ಹೊರಟಿದ್ದು ಶತ್ರುವಿನ ಪದವನ್ನಲ್ಲ, ಅಜ್ಜಿ ಬಾಯಿಂದ ಕಲಿತ ನಮ್ಮದೇ ಪದವನ್ನ. ನಾಳೆ ನಳಪಾಕಕ್ಕೆ ಏನಂತ ಹೆಸರಿಡೋಣ?

ಕೊನೆಗೆ ಗ್ರೂಪಿನಲ್ಲಿ ಇದನ್ನೆಲ್ಲ ಹಾಕಲಿಲ್ಲ. “ಪಾಕ ಅಂದ್ರೆ ಬೆಂದದ್ದು ಕಣೋ, ಬಂದು ತಿನ್ನು” ಅಂತ ಮಾತ್ರ ಬರೆದೆ. ಭಾನುವಾರ ಬಂದ. ನಾಲ್ಕು ತುಂಡು ತಿಂದ. ಮುಂದಿನ ವಾರ ಇನ್ನೊಂದು ಪದದ ಜೊತೆ ಸಿಗೋಣ.