ಮನೆ ಬಾಗಿಲಿಗೆ ಬ್ಯಾಂಕಿನ ನೋಟೀಸು ಬಂದರೆ

ಕೆಂಗೇರಿ ಆಚೆ ತೋಟ, ವಿಜಯನಗರದಲ್ಲೊಂದು ಮನೆ. ಎರಡನ್ನೂ ಅಡವಿಟ್ಟು ಸಾಲ ಎತ್ತಿದವರು ನಮ್ಮಲ್ಲೂ ಇದ್ದಾರೆ. ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಕೋರ್ಟಿಗೆ ಹೋಗದೆಯೇ ಆಸ್ತಿ ಹರಾಜು ಹಾಕಬಹುದು. ಹಾಗಂತ ಮನಬಂದಂತೆ ಮಾಡುವಂತಿಲ್ಲ.

ಮೊದಲು 60 ದಿನದ ನೋಟೀಸು ಕೊಡಲೇಬೇಕು. ಕಟ್ಟಿದ ಕಂತು ಜಮೆಯಾಗಿಲ್ಲವೇ, ಬಡ್ಡಿ ಲೆಕ್ಕ ತಪ್ಪಿದೆಯೇ? ಆಗಲೇ ಆಕ್ಷೇಪಣೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸಬೇಕು.

ಬಾಗಿಲಿಗೆ ಸ್ವಾಧೀನದ ನೋಟೀಸು ಅಂಟಿಸಿದರೋ, 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಸಿವಿಲ್ ಕೋರ್ಟು ಅಲೆದು ದಿನ ಕಳೆಯಬೇಡಿ. ಅಲ್ಲಿ ಸಾಮಾನ್ಯವಾಗಿ ಈ ವ್ಯಾಜ್ಯ ನಿಲ್ಲದು. ಅರ್ಜಿಗೆ ಮುಂಚೆ ಸಾಲದ ಮುಕ್ಕಾಲು ಪಾಲು ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2004ರಲ್ಲೇ ತೆಗೆದುಹಾಕಿದೆ. ಬಾಕಿ ತೀರಿಸಿ ಮನೆ ಬಿಡಿಸಿಕೊಳ್ಳುವವರು ಹರಾಜಿನ ಪ್ರಕಟಣೆ ಬರುವ ಮುಂಚೆಯೇ ಕಟ್ಟಬೇಕು. 2016ರ ತಿದ್ದುಪಡಿಯ ನಂತರ ಆಮೇಲೆ ಅವಕಾಶವಿಲ್ಲ.

ಇನ್ನು ತೋಟದ ಮಾತು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸದು. ಆದರೆ ಪಹಣಿಯಲ್ಲಿ ಕೃಷಿ ಅಂತ ಇದ್ದರಷ್ಟೇ ಸಾಲದು, ನಿಜಕ್ಕೂ ಬೇಸಾಯ ನಡೆದಿದೆ ಅಂತ ಸಾಲಗಾರನೇ ರುಜುವಾತು ಮಾಡಬೇಕು ಎಂದಿದೆ 2023ರ ಸುಪ್ರೀಂ ಕೋರ್ಟ್ ತೀರ್ಪು. ಹಾಗಾಗಿ ಗೊಬ್ಬರದ ಬಿಲ್ಲು, ಬೆಳೆ ಮಾರಿದ ಚೀಟಿ ಜೋಪಾನ. ಸೈಟಿನ ಆಸೆಗೆ ಬೀಳು ಬಿಟ್ಟ ನೆಲಕ್ಕೆ ಈ ರಕ್ಷಣೆ ಸಿಗೋದು ಕಷ್ಟ.